ಟಿಲ್ಲರ್ ಬೆಲ್ಟು ಎಷ್ಟು ಬಿಗಿ ಇರಬೇಕು?

ಅನ್ನಪೂರ್ಣೇಶ್ವರಿ ನಗರದಲ್ಲಿ ಓಡಾಡಿದವರಿಗೆ ಗೊತ್ತು, ಸಾಲುಮನೆಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಖಾಲಿ ಸೈಟು ಉಳಿದಿರುತ್ತೆ. ಕೆಲವದರಲ್ಲಿ ಪಾರ್ಥೇನಿಯಂ ಆಳುದ್ದ ಬೆಳೆದಿರುತ್ತೆ. ಇನ್ನು ಕೆಲವದರಲ್ಲಿ ಅಕ್ಕಪಕ್ಕದ ಮನೆಯವರು ದಂಟು, ಮೆಂತ್ಯ, ಬದನೆ ಹಾಕಿಕೊಂಡಿರ್ತಾರೆ. ನಾವು ಮೂರು ಜನ ಬಾಡಿಗೆಗಿರೋ ಮನೆಯ ಎದುರಿನ 30×40 ಸೈಟು ಈ ಎರಡನೇ ಥರದ್ದು. ಅದನ್ನ ಉಳೋಕೆ ಒಬ್ಬರು ಅಣ್ಣ ಬರ್ತಾರೆ. ಅವರ ಹತ್ತಿರ ಒಂದು ಹಳೇ ಪೆಟ್ರೋಲ್ ಮಿನಿ ಟಿಲ್ಲರ್ ಇದೆ. ಸುತ್ತಮುತ್ತಲಿನ ತೋಟಗಳಿಗೆ ಗಂಟೆ ಲೆಕ್ಕದಲ್ಲಿ ಹೋಗ್ತಾರೆ. ಅವರ ದಿನದ ದುಡಿಮೆ ಆ ಮಷೀನಿನ ಮೇಲೇ ನಿಂತಿದೆ.

ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೇ ದಿನ ಅಣ್ಣ ನಮ್ಮ ಗೇಟ್ ಹತ್ತಿರ ಬಂದರು. "ಏನ್ರಪ್ಪಾ, ನೀವೆಲ್ಲ ಮೆಕ್ಯಾನಿಕಲ್ ಓದೋರಲ್ವಾ? ಬೆಲ್ಟು ಜಾರ್ತಾ ಇದೆ, ಒಸಿ ಟೈಟ್ ಮಾಡ್ಕೊಡಿ" ಅಂದರು. ಎಂಜಿನ್ ಜೋರಾಗಿ ಕೂಗ್ತಿತ್ತು, ಬ್ಲೇಡು ಮಾತ್ರ ಮಣ್ಣಿಗೆ ತಾಗಿದ ತಕ್ಷಣ ನಿಲ್ತಿತ್ತು. ನಮಗೆ ಖುಷಿಯೋ ಖುಷಿ. ಸ್ಪ್ಯಾನರ್ ತಂದೆವು, ಕ್ಲಚ್ ಕೇಬಲ್ಲಿನ ಅಡ್ಜಸ್ಟರನ್ನ ಕೊನೆಯವರೆಗೂ ತಿರುಗಿಸಿದೆವು. ಮಷೀನು ಮಣ್ಣನ್ನ ಕಿತ್ತು ಹಾಕತೊಡಗಿತು. ಐದು ನಿಮಿಷ ನಾವೇ ದೊಡ್ಡ ಎಂಜಿನಿಯರುಗಳು.

ಆರನೇ ನಿಮಿಷಕ್ಕೆ ಅಣ್ಣ ತಿರುವಿನಲ್ಲಿ ಲಿವರ್ ಬಿಟ್ಟರು. ಮಷೀನು ನಿಲ್ಲಲಿಲ್ಲ. ಬ್ಲೇಡು ನಿಧಾನಕ್ಕೆ ತಿರುಗ್ತಾನೇ ಅವರ ಕಾಲಿನ ಕಡೆಗೆ ಬಂತು. ಅವರು ಹಾರಿ ಪಕ್ಕಕ್ಕೆ ಸರಿದರು, ಅದು ಹೋಗಿ ಕಾಂಪೌಂಡಿಗೆ ಗುದ್ದಿತು, ನಮ್ಮಲ್ಲೊಬ್ಬ ಓಡಿ ಸ್ವಿಚ್ ಆಫ್ ಮಾಡಿದ. ಯಾರಿಗೂ ಏನೂ ಆಗಲಿಲ್ಲ. ಅಣ್ಣ ಬೈಯಲೂ ಇಲ್ಲ. "ಬಿಟ್ರೆ ನಿಲ್ಬೇಕು ಕಣ್ರಪ್ಪಾ. ಉಳೋದು ಆಮೇಲಿನ ಮಾತು" ಅಂದರು ಅಷ್ಟೇ.

ಆವತ್ತು ನಾವು ಎಲ್ಲಿ ಎಡವಿದೆವು, ಸರಿಯಾಗಿ ಮಾಡೋದು ಹೇಗೆ ಅಂತ ಹೇಳೋಕೆ ಈ ಬರಹ. ಊರಲ್ಲಿ ಟಿಲ್ಲರ್ ಇರೋರು, ಮನೆ ಹಿಂದೆ ಕೈತೋಟಕ್ಕೆ ಮಿನಿ ಟಿಲ್ಲರ್ ತಂದಿಟ್ಟುಕೊಂಡೋರು ಇದನ್ನ ಒಮ್ಮೆ ಓದಿ ಅಂತ ಕೇಳಿಕೊಳ್ತೀವಿ.

ಮೊದಲು, ನಿಮ್ಮ ಮಷೀನು ಯಾವುದು?

ನಮ್ಮ ಕಡೆ ಟಿಲ್ಲರ್ ಅಂದರೆ ಎರಡು ಥರದ ಯಂತ್ರ ಕಣ್ಮುಂದೆ ಬರುತ್ತೆ. ಒಂದು, ಗದ್ದೆ ಮತ್ತು ಅಡಿಕೆ ತೋಟದಲ್ಲಿ ಓಡೋ ದೊಡ್ಡ ಡೀಸೆಲ್ ಪವರ್ ಟಿಲ್ಲರ್. ಇದಕ್ಕೂ ಬೆಂಗಳೂರಿಗೂ ಹಳೇ ನಂಟು. 1967ರಲ್ಲಿ ಇಲ್ಲೇ ಶುರುವಾದ ವಿಎಸ್‌ಟಿ ಕಂಪನಿ, ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ಮಾಡಿತು. ಇನ್ನೊಂದು, ಒಬ್ಬರೇ ಎತ್ತಿ ಆಟೋದಲ್ಲಿ ಹಾಕಿಕೊಂಡು ಹೋಗಬಹುದಾದ ಮಿನಿ ಟಿಲ್ಲರ್. ಕಳೆ ತೆಗೆಯೋಕೂ ಬಳಸೋದರಿಂದ ಇದನ್ನ ವೀಡರ್ ಅಂತಲೂ ಕರೀತಾರೆ.

ಬೆಲ್ಟಿನ ವಿಷಯದಲ್ಲಿ ಇವೆರಡರ ಮಧ್ಯೆ ಒಂದು ಮುಖ್ಯ ವ್ಯತ್ಯಾಸ ಇದೆ. ದೊಡ್ಡ ಪವರ್ ಟಿಲ್ಲರಿನಲ್ಲಿ ಎಂಜಿನ್ನಿಂದ ಗೇರ್‌ಬಾಕ್ಸಿನ ಕಡೆಗೆ ಅಕ್ಕಪಕ್ಕ ಒಂದಕ್ಕಿಂತ ಹೆಚ್ಚು ಬೆಲ್ಟು ಓಡುತ್ತವೆ, ಆದರೆ ಕ್ಲಚ್ಚೇ ಬೇರೆ ಇರುತ್ತೆ. ಅಲ್ಲಿ ಬೆಲ್ಟು ಯಾವಾಗಲೂ ಬಿಗಿ ಇರಬೇಕು. ಬೆಲ್ಟ್ ಇರೋ ಮಿನಿ ಟಿಲ್ಲರುಗಳಲ್ಲಿ ಸಾಮಾನ್ಯವಾಗಿ ಬೆಲ್ಟೇ ಕ್ಲಚ್ಚು. ಲಿವರ್ ಒತ್ತಿದರೆ ಕೇಬಲ್ಲು ಒಂದು ಸಣ್ಣ ರೋಲರನ್ನ ಎಳೆದು ಬೆಲ್ಟಿನ ಬೆನ್ನಿಗೆ ಒತ್ತುತ್ತೆ. ಈ ರೋಲರನ್ನ ಐಡ್ಲರ್ ಅಂತಾರೆ. ಬೆಲ್ಟು ಬಿಗಿಯಾಗಿ ಬ್ಲೇಡು ತಿರುಗುತ್ತೆ. ಲಿವರ್ ಬಿಟ್ಟರೆ ಐಡ್ಲರ್ ಹಿಂದಕ್ಕೆ ಸರಿಯುತ್ತೆ, ಬೆಲ್ಟು ಸಡಿಲವಾಗುತ್ತೆ, ಬ್ಲೇಡು ನಿಲ್ಲುತ್ತೆ. ನೇರ ಗೇರ್ ಮೇಲೆ ಓಡೋ, ಬೆಲ್ಟೇ ಇಲ್ಲದ ವೀಡರುಗಳೂ ಇವೆ, ಅವು ಈ ಬರಹದ ಲೆಕ್ಕಕ್ಕೆ ಬರಲ್ಲ.

ಅಂದರೆ ಮಿನಿ ಟಿಲ್ಲರಿನ ಬೆಲ್ಟು ಎರಡು ಕೆಲಸ ಮಾಡಬೇಕು: ಹಿಡಿದಾಗ ಗಟ್ಟಿಯಾಗಿ ಹಿಡೀಬೇಕು, ಬಿಟ್ಟಾಗ ಪೂರ್ತಿ ಬಿಡಬೇಕು. ನಾವು ಮೊದಲನೇ ಕೆಲಸ ಮಾತ್ರ ನೋಡಿದ್ದೆವು.

ಬೆಲ್ಟು ಹಿಡಿಯೋದು ಹೇಗೆ?

ಮೊದಲ ವರ್ಷದಲ್ಲಿ ಪರೀಕ್ಷೆಗಂತ ಉರುಹೊಡೆದು ಮರೆತ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತೆ. ಹಳ್ಳಿಯಲ್ಲಿ ಹಠ ಮಾಡೋ ಹೋರಿಯನ್ನ ಒಬ್ಬರೇ ಹೇಗೆ ಹಿಡೀತಾರೆ ನೋಡಿ. ಹಗ್ಗಾನ ಕಂಬಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಸಾಕು, ಹೋರಿ ಎಷ್ಟೇ ಎಳೆದರೂ ಕೈಗೆ ಬರೋ ಭಾರ ಸ್ವಲ್ಪವೇ. ಸುತ್ತು ಹೆಚ್ಚಾದಷ್ಟೂ ಘರ್ಷಣೆ ಘಾತೀಯವಾಗಿ ಏರುತ್ತೆ. 18ನೇ ಶತಮಾನದಲ್ಲಿ ಆಯ್ಲರ್ ಇದನ್ನ ಸೂತ್ರಕ್ಕಿಳಿಸಿದ. ಬಿಗಿ ಬದಿಯ ಎಳೆತಕ್ಕೂ ಸಡಿಲ ಬದಿಯ ಎಳೆತಕ್ಕೂ ಇರಬಹುದಾದ ಗರಿಷ್ಠ ಅನುಪಾತವನ್ನ ಘರ್ಷಣೆಯ ಗುಣಾಂಕ ಮತ್ತು ಸುತ್ತಿದ ಕೋನ ಎರಡೇ ತೀರ್ಮಾನಿಸುತ್ತವೆ.

ಗುಣಾಂಕ 0.3, ಸುತ್ತು 180 ಡಿಗ್ರಿ ಅಂತಿಟ್ಟುಕೊಳ್ಳಿ. ಚಪ್ಪಟೆ ಬೆಲ್ಟಿಗೆ ಈ ಅನುಪಾತ ಸುಮಾರು 2.6 ಬರುತ್ತೆ. ವಿ-ಬೆಲ್ಟಿನ ಕಥೆ ಬೇರೆ. ಅದರ ಎರಡೂ ಪಕ್ಕಗಳು ಪುಲ್ಲಿಯ ಗ್ರೂವಿನಲ್ಲಿ ಬೆಣೆ ಹೊಡೆದ ಹಾಗೆ ಕಚ್ಚಿಕೊಳ್ಳುತ್ತವೆ. ಗ್ರೂವಿನ ಕೋನ 38 ಡಿಗ್ರಿ ಇದ್ದರೆ ಘರ್ಷಣೆ ಮೂರು ಪಟ್ಟಾದ ಹಾಗೆ. ಅನುಪಾತ 18ಕ್ಕೆ ಏರುತ್ತೆ!

ಈಗ ಇದನ್ನ ಕೆಜಿ ಲೆಕ್ಕದಲ್ಲಿ ನೋಡೋಣ. 5 ಎಚ್‌ಪಿ ಅಂದರೆ ಸುಮಾರು 3.7 ಕಿಲೋವ್ಯಾಟ್. ಎಂಜಿನ್ ಪುಲ್ಲಿ 75 ಮಿ.ಮೀ., ವೇಗ ನಿಮಿಷಕ್ಕೆ 3000 ಸುತ್ತು ಅಂದರೆ ಬೆಲ್ಟು ಸೆಕೆಂಡಿಗೆ ಹೆಚ್ಚುಕಮ್ಮಿ 11.8 ಮೀಟರ್ ಓಡುತ್ತೆ. ಅಷ್ಟು ಶಕ್ತಿ ಸಾಗಿಸೋಕೆ ಎರಡು ಬದಿಗಳ ಎಳೆತದ ವ್ಯತ್ಯಾಸ ಸುಮಾರು 314 ನ್ಯೂಟನ್, ಅಂದರೆ 32 ಕೆಜಿ ತೂಕದಷ್ಟು ಇರಬೇಕು. ವಿ-ಬೆಲ್ಟು ಬೆಣೆಯ ಹಾಗೆ ಕಚ್ಚಿದ್ದರೆ ಸಡಿಲ ಬದಿಯಲ್ಲಿ ಕನಿಷ್ಠ 2 ಕೆಜಿಯಷ್ಟು ಎಳೆತ ಇದ್ದರೆ ಆಯ್ತು. ಬೆಣೆ ಕೆಲಸ ಮಾಡದೆ ಚಪ್ಪಟೆ ಬೆಲ್ಟಿನ ಹಾಗೆ ಓಡಿದರೆ ಅದೇ ಕೆಲಸಕ್ಕೆ 20 ಕೆಜಿ ಬೇಕು. ಲೆಕ್ಕ ಒರಟು, ನಿಜದಲ್ಲಿ ಇನ್ನಷ್ಟು ಬಿಗಿ ಇಟ್ಟುಕೊಳ್ತಾರೆ. ಆದರೂ ಬೆರಳಲ್ಲಿ ಎಳೆಯೋ ಒಂದು ಲಿವರ್, ಒಂದು ಸಣ್ಣ ಸ್ಪ್ರಿಂಗು ಇಷ್ಟು ದೊಡ್ಡ ಕೆಲಸ ಹೇಗೆ ಮಾಡುತ್ತೆ ಅನ್ನೋದಕ್ಕೆ ಉತ್ತರ ಇಲ್ಲಿದೆ.

ನಮ್ಮ ತಪ್ಪಿಗೆ ಕಾರಣವೂ ಇಲ್ಲೇ ಇದೆ. ಅಣ್ಣನ ಮಷೀನಿನ ಕವರ್ ಬಿಚ್ಚಿ ನೋಡಿದಾಗ ಬೆಲ್ಟಿನ ಪಕ್ಕಗಳು ಸವೆದು, ಅದು ಗ್ರೂವಿನೊಳಗೆ ಇಳಿದು ಕೂತಿತ್ತು. ಬೆಲ್ಟಿನ ತಳ ಗ್ರೂವಿನ ತಳಕ್ಕೆ ತಾಗಿ ಗಾಜಿನ ಹಾಗೆ ಹೊಳೀತಿತ್ತು. ಅಂದರೆ ಬೆಣೆ ಹೋಗಿತ್ತು. ವಿ-ಬೆಲ್ಟು ಚಪ್ಪಟೆ ಬೆಲ್ಟಾಗಿತ್ತು. 2 ಕೆಜಿಯಲ್ಲಿ ಆಗಬೇಕಾದ ಕೆಲಸವನ್ನ ನಾವು ಕೇಬಲ್ ಎಳೆದು 20 ಕೆಜಿಯಲ್ಲಿ ಮಾಡಿಸೋಕೆ ಹೊರಟಿದ್ದೆವು. ಅಷ್ಟು ಎಳೆದ ಮೇಲೆ ಐಡ್ಲರಿಗೆ ಹಿಂದೆ ಸರಿಯೋಕೆ ಜಾಗ ಎಲ್ಲಿ? ಲಿವರ್ ಬಿಟ್ಟರೂ ಅದು ಬೆಲ್ಟನ್ನ ಒತ್ತಿಕೊಂಡೇ ಇತ್ತು.

ಸ್ಪ್ಯಾನರ್ ಹಿಡಿಯೋ ಮುಂಚೆ

ಎಂಜಿನ್ ಆಫ್ ಮಾಡಿ, ತಣ್ಣಗಾಗಲಿ. ಪೆಟ್ರೋಲ್ ಕಾಕ್ ಮುಚ್ಚಿ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ಪ್ಲಗ್ಗಿಗೆ ತಾಗದ ಹಾಗೆ ದೂರ ಇಡಿ. ಇದನ್ನ ಬಿಡಲೇಬೇಡಿ. ಪುಲ್ಲಿಯನ್ನ ಕೈಯಲ್ಲಿ ತಿರುಗಿಸಿದರೂ ಎಂಜಿನ್ ಒಂದು ಸಲ ಹೊತ್ತಿಕೊಳ್ಳಬಹುದು, ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಸಿಕ್ಕೋಕೆ ಅಷ್ಟು ಸಾಕು. ಸಡಿಲ ಅಂಗಿ, ಕೈಗೆ ಕಟ್ಟಿದ ದಾರ, ಕೊರಳ ಸರ ಎಲ್ಲ ತೆಗೆದಿಡಿ.

ಕವರ್ ಬಿಚ್ಚಿದ ತಕ್ಷಣ ಮೊಬೈಲಲ್ಲಿ ಎರಡು ಮೂರು ಫೋಟೋ ತೆಗೀರಿ. ಬೆಲ್ಟು ಯಾವ ದಾರಿ ಹಿಡಿದಿದೆ, ಐಡ್ಲರ್ ಯಾವ ಕಡೆ ಇದೆ, ಬೆಲ್ಟು ಆಚೆ ಹಾರದ ಹಾಗೆ ತಡೆಯೋ ಕಂಬಿಗಳು ಎಲ್ಲಿವೆ, ಎಲ್ಲ ಕಾಣಬೇಕು. ಜೋಡಿಸುವಾಗ "ಇದು ಒಳಗಡೆ ಇತ್ತಾ, ಹೊರಗಡೆ ಇತ್ತಾ?" ಅಂತ ಜಗಳ ಆಗಲ್ಲ.

ಬೆಲ್ಟನ್ನ ಓದೋದು

ಹೆಚ್ಚಿನ ಸಲ ಏನಾಗಿದೆ ಅಂತ ಬೆಲ್ಟೇ ಹೇಳುತ್ತೆ:

- ಪಕ್ಕಗಳು ಹೊಳೀತಿದ್ದರೆ: ಜಾರಿ ಬಿಸಿಯಾಗಿದೆ. 5 ಎಚ್‌ಪಿ ಓಡುವಾಗ ನೂರಕ್ಕೆ ಐದರಷ್ಟು ಜಾರಿದರೂ ಸುಮಾರು 185 ವ್ಯಾಟ್ ಶಾಖ ಬೆಲ್ಟು ಮತ್ತು ಪುಲ್ಲಿಯಲ್ಲೇ ಇಳಿಯುತ್ತೆ. ಲ್ಯಾಬಿನಲ್ಲಿರೋ 25 ವ್ಯಾಟಿನ ಸೋಲ್ಡರಿಂಗ್ ಐರನ್ ಏಳನ್ನ ಒಟ್ಟಿಗೆ ಹಚ್ಚಿಟ್ಟ ಹಾಗೆ. ರಬ್ಬರ್ ಗಟ್ಟಿಯಾಗುತ್ತೆ, ಗಟ್ಟಿಯಾದ ರಬ್ಬರ್ ಇನ್ನೂ ಜಾರುತ್ತೆ.
- ತಳ ಹೊಳೀತಿದ್ದರೆ: ಗ್ರೂವಿನ ತಳಕ್ಕೆ ತಾಗ್ತಿದೆ. ಬೆಲ್ಟು ಅಥವಾ ಪುಲ್ಲಿ ಸವೆದಿದೆ, ಇಲ್ಲವೇ ಅಳತೆ ತಪ್ಪಿದ ಬೆಲ್ಟು ಹಾಕಿದ್ದಾರೆ. ಒಳ್ಳೇ ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಹೆಚ್ಚುಕಮ್ಮಿ ಸಮ ಇರುತ್ತೆ.
- ಅಡ್ಡಡ್ಡ ಬಿರುಕು: ವಯಸ್ಸಾಗಿದೆ, ಬದಲಿಸಿ.
- ಒಂದೇ ಪಕ್ಕ ಸವೆದು ನಾರು ಎದ್ದಿದ್ದರೆ: ಎರಡು ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ.
- ಎಣ್ಣೆ ಜಿಡ್ಡು, ಊದಿಕೊಂಡ ಮೆತ್ತನೆಯ ರಬ್ಬರ್: ಎಲ್ಲೋ ಆಯಿಲ್ ಸೀಲ್ ಸೋರ್ತಿದೆ. ಮೊದಲು ಅದನ್ನ ಸರಿಮಾಡಿ. ಇಲ್ಲದಿದ್ದರೆ ಹೊಸ ಬೆಲ್ಟಿಗೂ ಅದೇ ಗತಿ.

ಪುಲ್ಲಿಗಳು ಒಂದೇ ಗೆರೆಯಲ್ಲಿವೆಯಾ ಅಂತ ನೋಡೋಕೆ ದುಬಾರಿ ಸಾಧನ ಬೇಡ. ಎರಡೂ ಪುಲ್ಲಿಗಳ ಅಂಚಿನ ದಪ್ಪ ಒಂದೇ ಇದ್ದರೆ, ಗಾರೆ ಕೆಲಸದವರು ಗೋಡೆಗೆ ಹಿಡಿಯೋ ಹಾಗೆ ಒಂದು ದಾರವನ್ನ ಹೊರಮುಖಗಳಿಗೆ ಬಿಗಿಯಾಗಿ ಹಿಡೀರಿ. ಎರಡೂ ಪುಲ್ಲಿಗಳ ಎರಡೆರಡು ಅಂಚು, ಒಟ್ಟು ನಾಲ್ಕು ಕಡೆ ದಾರ ತಾಗಬೇಕು. ಎಲ್ಲಾದರೂ ಸಂದು ಕಂಡರೆ ಎಂಜಿನ್ನಿನ ಬುಡದ ಬೋಲ್ಟು ಅಥವಾ ಪುಲ್ಲಿಯ ಸ್ಕ್ರೂ ಸಡಿಲಿಸಿ ಸರಿಪಡಿಸಿ. ಐಡ್ಲರನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಸದ್ದು ಬಂದರೆ, ಅಲ್ಲಾಡಿದರೆ ಅದರ ಬೇರಿಂಗ್ ಹೋಗಿದೆ ಅಂತಲೇ ಅರ್ಥ.

ಹೊಸ ಬೆಲ್ಟು ತರುವಾಗ

ಹಳೇ ಬೆಲ್ಟಿನ ಮೇಲೆ ಅಕ್ಷರ, ಸಂಖ್ಯೆ ಇರುತ್ತೆ. ಎ-40 ಅಂದರೆ ಎ ಸೆಕ್ಷನ್, ಒಳಸುತ್ತು 40 ಇಂಚು. ಎ ಸೆಕ್ಷನ್ನಿನ ಮೇಲಗಲ 13 ಮಿ.ಮೀ., ದಪ್ಪ 8 ಮಿ.ಮೀ. ಬಿ ಸೆಕ್ಷನ್ನಿಗೆ 17 ಮತ್ತು 11. ನಮ್ಮಲ್ಲಿ ಇಂಥ ಬೆಲ್ಟುಗಳಿಗೆ ಐಎಸ್ 2494 ಅನ್ನೋ ಭಾರತೀಯ ಮಾನಕ ಇದೆ.

ಸಂಖ್ಯೆ ಅಳಿಸಿಹೋಗಿದ್ದರೆ ಬೆಲ್ಟಿನ ಹೊರಸುತ್ತಿಗೆ ದಾರ ಸುತ್ತಿ ಅಳೀರಿ. ಅದರಲ್ಲಿ ದಪ್ಪದ 6.28 ಪಟ್ಟು ಕಳೆದರೆ ಒಳಸುತ್ತು ಸಿಗುತ್ತೆ. ಎ ಸೆಕ್ಷನ್ನಿಗೆ ಇದು ಸುಮಾರು 50 ಮಿ.ಮೀ., ಅಂದರೆ ಎರಡು ಇಂಚು. ಹಳೇ ಬೆಲ್ಟು ಹಿಗ್ಗಿರಬಹುದು ಅನ್ನೋದು ನೆನಪಿರಲಿ. ಮಷೀನಿನ ಪುಸ್ತಕದಲ್ಲಿ ಪಾರ್ಟ್ ನಂಬರ್ ಇದ್ದರೆ ಅದೇ ಸರಿ.

ಎಸ್‌ಜೆಪಿ ರೋಡಿನಲ್ಲೋ, ಕಾಮಾಕ್ಷಿಪಾಳ್ಯದ ಕಡೆಯ ಅಂಗಡಿಯಲ್ಲೋ ಕೇಳುವಾಗ "ಎ-40 ಕೊಡಿ" ಅಂತ ಮಾತ್ರ ಹೇಳಬೇಡಿ. ಐಡ್ಲರ್ ಬೆನ್ನಿಗೆ ಒತ್ತೋ ಬೆಲ್ಟು, ಕ್ಲಚ್ ಥರ ಹಿಡಿದು ಬಿಡೋದು ಅಂತಲೂ ಹೇಳಿ. ಇಂಥ ಕಡೆ ಬೆಲ್ಟು ಹಿಂದಕ್ಕೂ ಬಾಗಬೇಕು, ಪ್ರತಿ ಸಲ ಹಿಡಿಯುವಾಗ ಒಂದು ಕ್ಷಣ ಜಾರಲೂಬೇಕು. ಹಿಟ್ಟಿನ ಗಿರಣಿಗೆ ಹಾಕೋ ಸಾಮಾನ್ಯ ಬೆಲ್ಟು ಇಲ್ಲಿ ಬೇಗ ಸೋಲುತ್ತೆ.

ಹಾಕುವಾಗ ಸ್ಕ್ರೂಡ್ರೈವರಿನಿಂದ ಮೀಟಿ ಹತ್ತಿಸಬೇಡಿ. ಬೆಲ್ಟಿನೊಳಗಿನ ನೂಲು ಕಣ್ಣಿಗೆ ಕಾಣದ ಹಾಗೆ ಒಳಗೇ ತುಂಡಾಗುತ್ತೆ. ಐಡ್ಲರ್ ಸಡಿಲಿಸಿ, ಬೇಕಾದರೆ ಎಂಜಿನ್ ಸ್ವಲ್ಪ ಸರಿಸಿ, ಕೈಯಲ್ಲೇ ಕೂರಿಸಿ. ದೊಡ್ಡ ಪವರ್ ಟಿಲ್ಲರಿಗೆ ಹಾಕುವಾಗ ಒಂದು ಬೆಲ್ಟು ಹೋದರೂ ಪೂರ್ತಿ ಸೆಟ್ ಬದಲಿಸಿ. ಹಳತು ಹಿಗ್ಗಿ ಸಡಿಲ ಇರುತ್ತೆ, ಆಗ ಹೊಸದೊಂದೇ ಎಲ್ಲಾ ಭಾರ ಹೊತ್ತು ಬೇಗ ಸಾಯುತ್ತೆ.

ಅಡ್ಜಸ್ಟ್ ಮಾಡೋ ಕ್ರಮ

ಮಿನಿ ಟಿಲ್ಲರಿನಲ್ಲಿ ನಾವು ಈಗ ಅನುಸರಿಸೋ ಕ್ರಮ ಇದು. ಕೊನೆಯ ಹಂತದವರೆಗೂ ಪ್ಲಗ್ ಕ್ಯಾಪ್ ಹೊರಗೇ ಇರಬೇಕು.

1. ಅಡ್ಜಸ್ಟರನ್ನ ಪೂರ್ತಿ ಸಡಿಲಿಸಿ ಶುರುಮಾಡಿ. ಮೊದಲಿದ್ದ ಜಾಗಕ್ಕೆ ಪೇಂಟಿನಿಂದಲೋ ನೇಲ್ ಪಾಲಿಶಿನಿಂದಲೋ ಒಂದು ಗುರುತು ಹಾಕಿರಿ.

2. ಲಿವರ್ ಬಿಟ್ಟ ಸ್ಥಿತಿಯಲ್ಲಿ ಕೇಬಲ್ ಸ್ವಲ್ಪ ಸಡಿಲ ಇರಬೇಕು, ಐಡ್ಲರ್ ಬೆಲ್ಟನ್ನ ಒತ್ತಬಾರದು. ಕೇಬಲ್ ಒಳಗೆ ತುಕ್ಕು, ಮಣ್ಣು ಸೇರಿ ಸಿಕ್ಕಿಕೊಳ್ತಿದ್ದರೆ ಮೊದಲು ಅದನ್ನ ಸರಿಮಾಡಿ ಇಲ್ಲವೇ ಬದಲಿಸಿ. ವಾಪಸ್ ಬರದ ಕೇಬಲ್ಲು ಬಿಗಿ ಬೆಲ್ಟಿನಷ್ಟೇ ಅಪಾಯ.

3. ಲಿವರ್ ಒತ್ತಿ ಹಿಡಿಯೋಕೆ ಒಬ್ಬರಿಗೆ ಹೇಳಿ. ಕೇಬಲ್ ತುದಿಯ ಸ್ಪ್ರಿಂಗು ಹಿಗ್ಗಬೇಕು. ಎಷ್ಟು ಹಿಗ್ಗಬೇಕು ಅನ್ನೋದು ಮಷೀನಿನ ಪುಸ್ತಕದಲ್ಲಿದ್ದರೆ ಅದನ್ನೇ ಪಾಲಿಸಿ.

4. ಪುಸ್ತಕ ಇಲ್ಲದಿದ್ದರೆ, ಲಿವರ್ ಒತ್ತಿರುವಾಗಲೇ ಐಡ್ಲರ್ ಇಲ್ಲದ ಬದಿಯ ಮಧ್ಯಭಾಗವನ್ನ ಹೆಬ್ಬೆರಳಿಂದ ಸಾಧಾರಣವಾಗಿ ಒತ್ತಿ. ಎರಡು ಪುಲ್ಲಿಗಳ ನಡುವಿನ ಪ್ರತಿ 100 ಮಿ.ಮೀ.ಗೆ ಸುಮಾರು 1.6 ಮಿ.ಮೀ. ಬಗ್ಗಬೇಕು ಅನ್ನೋದು ಹಳೇ ರೂಢಿ. 300 ಮಿ.ಮೀ. ಅಂತರಕ್ಕೆ ಸುಮಾರು 5 ಮಿ.ಮೀ. ಸ್ಪ್ರಿಂಗ್ ಐಡ್ಲರ್ ಇರೋ ಕಡೆ ಐಡ್ಲರೂ ಸ್ವಲ್ಪ ಸರಿಯೋದರಿಂದ ಇದು ಅಂದಾಜು ಅಷ್ಟೇ. ಬೆಲ್ಟು ಯಾವಾಗಲೂ ಬಿಗಿ ಇರೋ ದೊಡ್ಡ ಟಿಲ್ಲರಿಗೆ ಈ ಅಳತೆ ಚೆನ್ನಾಗಿ ಒಪ್ಪುತ್ತೆ.

5. ಅಡ್ಜಸ್ಟರನ್ನ ಒಂದು ಸಲಕ್ಕೆ ಒಂದೆರಡು ಸುತ್ತು ಮಾತ್ರ ತಿರುಗಿಸಿ, ಮತ್ತೆ ನೋಡಿ. ಸರಿಯಾದ ಮೇಲೆ ಲಾಕ್ ನಟ್ ಬಿಗಿ ಮಾಡಿ.

6. ಈಗ ಬಿಡುವ ಪರೀಕ್ಷೆ. ಲಿವರ್ ಬಿಟ್ಟು, ಕೈ ಎಲ್ಲಾ ದೂರ ಇಟ್ಟು, ಸ್ಟಾರ್ಟರ್ ಹಗ್ಗವನ್ನ ನಿಧಾನಕ್ಕೆ ಎಳೀರಿ. ಎಂಜಿನ್ ಪುಲ್ಲಿ ತಿರುಗಬೇಕು, ಗೇರ್‌ಬಾಕ್ಸಿನ ಕಡೆಯ ದೊಡ್ಡ ಪುಲ್ಲಿ ನಿಂತೇ ಇರಬೇಕು. ಅದೂ ಜೊತೆಗೆ ತಿರುಗಿದರೆ ಬಿಗಿ ಜಾಸ್ತಿ ಆಯ್ತು ಅಂತ.

7. ಕವರ್ ಹಾಕಿ, ಆಮೇಲೆ ಪ್ಲಗ್ ಕ್ಯಾಪ್ ಹಾಕಿ. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ ಸ್ಟಾರ್ಟ್ ಮಾಡಿ. ಲಿವರ್ ಮುಟ್ಟದೆ ನೋಡಿ, ಬ್ಲೇಡು ಅಲ್ಲಾಡಬಾರದು. ಒಂದು ಸಲ ಒತ್ತಿ ಬಿಡಿ, ತಕ್ಷಣ ನಿಲ್ಲಬೇಕು.

ಹಿಡಿಯೋದೂ ಬಿಡೋದೂ ಎರಡೂ ಸರಿ ಬರೋ ಒಂದು ಜಾಗ ಸಿಕ್ಕೇ ಸಿಗುತ್ತೆ. ಎಷ್ಟು ತಿರುಗಿಸಿದರೂ ಸಿಗದಿದ್ದರೆ ತಪ್ಪು ಅಡ್ಜಸ್ಟರಿನದ್ದಲ್ಲ. ಬೆಲ್ಟು, ಪುಲ್ಲಿ ಅಥವಾ ಸ್ಪ್ರಿಂಗು ಸವೆದಿದೆ. ಅಲ್ಲಿಗೆ ಸ್ಪ್ಯಾನರ್ ಕೆಳಗಿಟ್ಟು ಹೊಸ ಭಾಗ ತರಬೇಕು. ಆವತ್ತು ನಾವು ನಿಲ್ಲಿಸಬೇಕಿದ್ದದ್ದು ಇಲ್ಲೇ.

ಹೊಸ ಬೆಲ್ಟು ಮೊದಮೊದಲು ಸ್ವಲ್ಪ ಹಿಗ್ಗುತ್ತೆ, ಗ್ರೂವಿನಲ್ಲಿ ಕೂರುತ್ತೆ. ಅರ್ಧ ಗಂಟೆ ಓಡಿಸಿ ಒಮ್ಮೆ, ಹತ್ತು ಗಂಟೆ ಕೆಲಸದ ನಂತರ ಇನ್ನೊಮ್ಮೆ ಮತ್ತೆ ಇದೇ ಕ್ರಮದಲ್ಲಿ ನೋಡಿ.

ಜಾರೋದು ಯಾವಾಗಲೂ ರೋಗ ಅಲ್ಲ

ನಮ್ಮ ಸೈಟುಗಳ ಮಣ್ಣಲ್ಲಿ ಬರೀ ಮಣ್ಣಿರಲ್ಲ. ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಕೆಲವು ಸಲ ಕಬ್ಬಿಣದ ಕಂಬಿ. ಬ್ಲೇಡಿಗೆ ಇಂಥದ್ದು ಸಿಕ್ಕಾಗ ಬೆಲ್ಟು ಜಾರಿದರೆ ಒಳ್ಳೇದೇ. ಮನೆಯ ಫ್ಯೂಸ್ ಹಾಗೆ ಅದು ಗೇರ್‌ಬಾಕ್ಸನ್ನ ಕಾಪಾಡುತ್ತೆ. ಜಾರದ ಹಾಗೆ ಬಿಗಿದರೆ ಪೆಟ್ಟು ನೇರ ಗೇರಿನ ಹಲ್ಲಿಗೆ, ಶಾಫ್ಟಿನ ಬೇರಿಂಗಿಗೆ. ಉಳೋ ಮುಂಚೆ ಒಂದು ಸುತ್ತು ನಡೆದು ಕಲ್ಲು, ಕಂಬಿ ಆರಿಸಿ ಹಾಕಿ.

ಕೆಂಪು ಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಒಂದೇ ಸಲಕ್ಕೆ ಪೂರ್ತಿ ಆಳ ಹೋಗಬೇಡಿ. ಮೊದಲ ಸುತ್ತಲ್ಲಿ ಮೇಲೆ ಮೇಲೆ, ಎರಡನೇ ಸುತ್ತಲ್ಲಿ ಆಳಕ್ಕೆ. ಲಿವರನ್ನ ಅರ್ಧ ಒತ್ತಿ ಓಡಿಸೋ ಅಭ್ಯಾಸವೂ ಬೇಡ, ಬೈಕಿನಲ್ಲಿ ಹಾಫ್ ಕ್ಲಚ್ ಹಿಡಿದ ಹಾಗೆ ಬೆಲ್ಟು ಸುಡುತ್ತೆ.

ಜಾರೋ ಬೆಲ್ಟಿಗೆ ರಾಳ, ಮೇಣ, ಸೋಪು ಹಚ್ಚೋದನ್ನ ಕೆಲವರು ಹೇಳಿಕೊಡ್ತಾರೆ. ಒಂದು ದಿನ ಹಿಡಿದ ಹಾಗನಿಸುತ್ತೆ, ಆಮೇಲೆ ಮಣ್ಣು ಮೆತ್ತಿಕೊಂಡು ಇನ್ನೂ ಕೆಡುತ್ತೆ. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಒರೆಸಿದರೆ ರಬ್ಬರ್ ಊದುತ್ತೆ. ಒಣಬಟ್ಟೆ ಸಾಕು, ಜಿಡ್ಡಿದ್ದರೆ ಸ್ವಲ್ಪ ಸೋಪಿನ ನೀರಲ್ಲಿ ಒರೆಸಿ ಪೂರ್ತಿ ಒಣಗಿಸಿ. ಸೀಸನ್ ಮುಗಿದ ಮೇಲೆ ಲಿವರ್ ಬಿಟ್ಟ ಸ್ಥಿತಿಯಲ್ಲಿ, ಬಿಸಿಲು ಬೀಳದ, ಇಲಿ ಸೇರದ ಕಡೆ ಮಷೀನ್ ನಿಲ್ಲಿಸಿ.

ಕೊನೆಗೆ ಏನಾಯ್ತು

ಆ ಶನಿವಾರ ನಾವೇ ಹೋಗಿ ಹೊಸ ಬೆಲ್ಟು ತಂದೆವು. ತಪ್ಪು ನಮ್ಮದಾದ್ದರಿಂದ ದುಡ್ಡೂ ನಮ್ಮದೇ. ಹಾಕಿದ ಮೇಲೆ ಕೇಬಲನ್ನ ಬಿಗಿ ಮಾಡೋದಿರಲಿ, ಅಣ್ಣ ಮೊದಲು ಇಟ್ಟಿದ್ದಕ್ಕಿಂತ ಮೂರು ಸುತ್ತು ಸಡಿಲಿಸಬೇಕಾಯ್ತು. ಬ್ಲೇಡು ಆರಾಮಾಗಿ ಮಣ್ಣು ಕೊರೀತು. ಅಣ್ಣ ಸೈಟಿನ ಉದ್ದಕ್ಕೂ ಹೋಗಿ ತಿರುವಿನಲ್ಲಿ ಲಿವರ್ ಬಿಟ್ಟರು, ಬ್ಲೇಡು ಅಲ್ಲೇ ನಿಂತಿತು. ಇನ್ನೊಂದು ಸಲ ಒತ್ತಿ ಬಿಟ್ಟು ನೋಡಿದರು, ಮತ್ತೆ ನಿಂತಿತು. ಆಮೇಲೇ ನಮ್ಮ ಕಡೆ ತಿರುಗಿ ತಲೆ ಆಡಿಸಿದರು.

ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮನೆಯ, ಇಲ್ಲವೇ ಪಕ್ಕದ ಮನೆಯ ಟಿಲ್ಲರಿಗೆ ಆರನೇ ಹಂತದ ಪರೀಕ್ಷೆಯೊಂದನ್ನಾದರೂ ಮಾಡಿ. ಎರಡು ನಿಮಿಷದ ಕೆಲಸ. ಪ್ಲಗ್ ಕ್ಯಾಪ್ ಕೀಳೋದು ಮಾತ್ರ ಮರೀಬೇಡಿ.